ಆಡಿಲ್ಲದ ಮನೆ

ಆ ಊರಿಗೆ ನಾನು ಎರಡನೇ ಸಂಬಂಧವಾಗಿ ಹೋದವಳು. ಬಸ್ಸಿಳಿದು ಗಂಡನ ಹಿಂದೆ ನಡೆಯುತ್ತಾ ತೆರೆದ ಬಾಗಿಲುಗಳೊಳಗೆ ಇಣುಕಿದೆ. ಹೊಸ ಊರಿಗೆ ಬಂದ ಹೆಂಗಸು ಮೊದಲು ಮಾಡುವ ಕೆಲಸ ಅದು. ಕೆಲವು ಮನೆಗಳಲ್ಲಿ ನಡುಮನೆಯಲ್ಲೇ ಆಡು ಕಟ್ಟಿದ್ದರು. ಹಿತ್ತಿಲಲ್ಲಿ ಜಾಗವಿದ್ದವರೂ ಒಳಗೇ, ಸುತ್ತಿಟ್ಟ ಹಾಸಿಗೆಯ ಪಕ್ಕ ಗೂಟ ಹೊಡೆದು ಕಟ್ಟಿದ್ದರು. ಸುಣ್ಣದ ಕಲ್ಲು ಸುಡುವ ಗೂಡುಗಳ ಊರು ಅದು. ಮಾಡು, ಮರ, ಮಲಗಿದ ನಾಯಿ, ಎಲ್ಲದರ ಮೇಲೂ ಬಿಳಿ ಪುಡಿ. ಆ ಬಿಳುಪಿನ ನಡುವೆ ಕತ್ತಲೆ ನಡುಮನೆಗಳಿಂದ ಆಡುಗಳು ನಮ್ಮನ್ನು ನೋಡುತ್ತಿದ್ದವು. ಒಂದೂ ಅರಚಲಿಲ್ಲ.

"ಇದೇನ್ರೀ, ಆಡನ್ನ ಒಳಗೆ ಕಟ್ಟಿದಾರೆ?" ಎಂದು ಕೇಳಿದೆ.

"ಮಕ್ಳಿರೋ ಮನೆಗಳು," ಎಂದರು ಅವರು. ನನ್ನ ಗಂಡ ಚಿಕ್ಕೀರಯ್ಯ ಮಾತು ಕಮ್ಮಿಯ ಮನುಷ್ಯ. ಗೂಡಿಗೆ ಬೆಂಕಿ ಕೊಟ್ಟು ಅದು ಆರದಂತೆ ಕಾಯುವುದು ಅವರ ಕೆಲಸ. ಮೊದಲ ಹೆಂಡತಿ ರಂಗಲಕ್ಷ್ಮಿ ತೀರಿಕೊಂಡು ವರ್ಷವಾಗಿತ್ತು. ಹನ್ನೊಂದು ವರ್ಷದ ಮಗಳಿದ್ದಾಳೆ, ಪದುಮ ಅಂತ, ಒಳ್ಳೆಯ ಮಗು, ಏನೂ ತೊಂದರೆ ಕೊಡುವುದಿಲ್ಲ ಎಂದು ನನ್ನನ್ನು ನೋಡಲು ಬಂದ ದಿನವೇ ಹೇಳಿದ್ದರು.

ತೊಂದರೆ ಕೊಡಲಿಲ್ಲ, ನಿಜ. ನಾನು ಹೊಸಿಲ ಬಳಿ ಬಂದಾಗ ಪದುಮ ಕಾಲಿಗೆ ನೀರು ಕೊಟ್ಟಳು. ನೀಲಿ ಲಂಗ, ಬಿಗಿಯಾಗಿ ಹೆಣೆದ ಒಂಟಿ ಜಡೆ. ತಾಯಿಯ ಜಾಗಕ್ಕೆ ಬಂದವಳನ್ನು ಮಗು ಹೇಗೆ ನೋಡೀತು ಎಂದು ದಾರಿಯುದ್ದಕ್ಕೂ ಹೆದರಿಕೊಂಡೇ ಬಂದಿದ್ದೆ. ಆ ಮುಖದಲ್ಲಿ ಏನೂ ಇರಲಿಲ್ಲ. ತೊಳೆದು ಬೋರಲು ಹಾಕಿದ ತಟ್ಟೆಯ ಹಾಗಿತ್ತು. ಆದರೆ ಅವಳ ಹಿಂದೆ ಗೂಟಕ್ಕೆ ಕಟ್ಟಿದ್ದ ಕಪ್ಪು ಆಡು ನನ್ನನ್ನು ಕಂಡದ್ದೇ ನಡುಗತೊಡಗಿತು. ಮೂತಿಯನ್ನು ಗೋಡೆಗೆ ಒತ್ತಿ ನಿಂತುಬಿಟ್ಟಿತು. ಮಾರನೆಯ ದಿನ ನಾನು ತಂದು ಹಾಕಿದ ಸೊಪ್ಪು ಹಾಗೇ ಬಾಡಿತು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಆ ಆಡು ಯಾವ ಸೊಪ್ಪನ್ನೂ ಮುಟ್ಟದೆ ಅದೇ ವಾರ ಸತ್ತಿತು. ಯಜಮಾನರು ಅದನ್ನು ಹೊತ್ತುಕೊಂಡು ಹೋಗಿ, ಇನ್ನೊಂದನ್ನು ಹಿಡಿದುಕೊಂಡು ಬಂದರು. ಪದುಮ ಹೊಸ ಆಡಿನ ಪಕ್ಕ ಹಾಸಿಗೆ ಬಿಡಿಸಿದಳು.

ಪಕ್ಕದ ಮನೆಯ ಗೌರಕ್ಕ ನನಗೆ ಎಲ್ಲ ತಿಳಿಸಿದವಳು. ಅವಳ ಮಕ್ಕಳು ಬೆಳೆದು ಬೇರೆ ಊರು ಸೇರಿದ್ದರು, ಅವಳಿಗೆ ಈಗ ಆಡಿನ ಹಂಗಿರಲಿಲ್ಲ. "ನಿಮ್ಮೂರಲ್ಲಿ ಹಿಂಗಿಲ್ವಾ?" ಎಂದು ಅವಳಿಗೇ ಆಶ್ಚರ್ಯ. ಹತ್ತು ತುಂಬಿದ ಮೇಲೆ ದೊಡ್ಡವರಾಗುವ ತನಕ, ಮಗುವಿನ ಮನಸ್ಸಿಗೆ ಬಂದದ್ದು ಬಾಯಿಗೆ ಬರದಿದ್ದರೆ ಹತ್ತಿರದಲ್ಲಿ ಉಸಿರಾಡುವ ಜೀವಕ್ಕೆ ಇಳಿಯುತ್ತದೆ. ಆ ವಯಸ್ಸಿನ ಮಕ್ಕಳು ಮನಸ್ಸಿನದನ್ನು ಹೇಳುವುದು ಯಾವ ಕಾಲಕ್ಕೆ? ಹಾಗಾಗಿ ಆಡು. "ಮನೇಲಿ ಆಡಿದ್ರೆ ಬಾಯಲ್ಲಿ ಆಡ್ಬೇಕಿಲ್ಲ ಅಂತ ನಮ್ ಕಡೆ ಗಾದೇನೇ ಐತೆ ಕಣವ್ವ," ಎಂದು ನಕ್ಕಳು.

ಊರು ಅದಕ್ಕೆ ಒಗ್ಗಿಹೋಗಿತ್ತು. ಶಾಲೆಯ ಅಂಗಳದ ಹೊಂಗೆ ಮರಗಳ ಕೆಳಗೆ ಆಡುಗಳ ಸಾಲು ಇರುತ್ತಿತ್ತು. ಪರೀಕ್ಷೆಯ ದಿನ ಅವು ನಿಂತಲ್ಲೇ ಭೇದಿ ಮಾಡಿಕೊಳ್ಳುತ್ತಿದ್ದವು. ಒಳಗೆ ಮಕ್ಕಳು ತಲೆಯೆತ್ತದೆ ಬರೆಯುತ್ತಿದ್ದರು. ಮನೆ ಬಾಡಿಗೆಗೆ ಕೊಡುವವರು ನಿಮ್ಮಲ್ಲಿ ಆಡು ಎಷ್ಟು ಕಾಲ ಬಾಳುತ್ತದೆ ಎಂದು ಮೊದಲು ವಿಚಾರಿಸುತ್ತಿದ್ದರು. ಸತ್ತ ಆಡನ್ನು ಯಾರೂ ತಿನ್ನುತ್ತಿರಲಿಲ್ಲ, ಚರ್ಮವನ್ನೂ ಸುಲಿಯುತ್ತಿರಲಿಲ್ಲ, ಸುಣ್ಣದ ಗುಂಡಿಗೆ ಹಾಕುತ್ತಿದ್ದರು. ಬೀದಿಯಲ್ಲಿ ಮಕ್ಕಳು ಕಿತ್ತಾಡುವುದು, ಮುನಿಸಿಕೊಂಡು ಮೂಲೆ ಸೇರುವುದು, ಬಿದ್ದು ಮಂಡಿ ತರಚಿಕೊಂಡು ಅಳುವುದು, ಒಂದನ್ನೂ ನಾನು ನೋಡಲಿಲ್ಲ. ಬೇರೆ ಊರಿನಿಂದ ಬಂದ ನೆಂಟರು ಎಂಥ ಒಳ್ಳೆಯ ಮಕ್ಕಳಪ್ಪ ಎಂದು ಹೊಗಳಿ ಹೋಗುತ್ತಿದ್ದರು. ಮೊದಮೊದಲು ನನಗೂ ಹಾಗೇ ಅನಿಸಿತು.

ಪದುಮ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಅಂಗಡಿಯವರಿಗೆ ಅನ್ನುವ ಹಾಗೆ ನೀವು ಅನ್ನುತ್ತಿದ್ದಳು. ಯಾಕೆ ಊಟ ಬಿಟ್ಟೆ ಅಂದರೆ "ಏನಿಲ್ಲ." ತಲೆನೋವಾ ಅಂದರೆ "ಏನಿಲ್ಲ." ಶಾಲೆಯಲ್ಲಿ ಯಾರಾದರೂ ಏನಾದರೂ ಅಂದರಾ ಅಂದರೆ ಆಗಲೂ "ಏನಿಲ್ಲ." ಸುಳ್ಳು ಹೇಳುತ್ತಿದ್ದಾಳೆ ಎಂದು ನನಗೆ ಅನಿಸಲಿಲ್ಲ. ತನ್ನೊಳಗೆ ಬಗ್ಗಿ ನೋಡುತ್ತಿದ್ದಳು, ಏನೂ ಕಾಣುತ್ತಿರಲಿಲ್ಲ, ಅದನ್ನೇ ಹೇಳುತ್ತಿದ್ದಳು. ಆದರೆ ನಮ್ಮ ಮನೆಯಲ್ಲಿ ಆಡು ನಿಲ್ಲುತ್ತಿರಲಿಲ್ಲ. ಬೇರೆಯವರಲ್ಲಿ ವರ್ಷಗಟ್ಟಲೆ ಬಾಳುವಂಥದ್ದು ನಮ್ಮಲ್ಲಿ ಒಂದು ಮಳೆಗಾಲ ಕಾಣುತ್ತಿರಲಿಲ್ಲ. ನನ್ನ ಬಸುರು ಎದ್ದು ಕಾಣತೊಡಗಿದ ಮೇಲೆ ಇನ್ನೂ ಬೇಗ ಸತ್ತವು. ಸಿದ್ದು ಹುಟ್ಟಿದ. ಯಜಮಾನರು ನಡುಮನೆಯಲ್ಲಿ ಎರಡು ಆಡು ಕಟ್ಟಿ, ತೊಟ್ಟಿಲನ್ನು ಒಳಕೋಣೆಯ ಆಚೆ ಮೂಲೆಗೆ ಹಾಕಿದರು. ಪದುಮ ತಮ್ಮನನ್ನು ತೂಗುತ್ತಿದ್ದಳು, ಹೇಳಿದಷ್ಟು ಹೊತ್ತು, ಹೇಳಿದಷ್ಟೇ ಜೋರಾಗಿ.

ಸಿದ್ದುವಿಗೆ ಕತ್ತು ನಿಲ್ಲುವ ಹೊತ್ತಿಗೆ ಆಡುಗಳಿಗೆ ರೋಗ ಬಂತು. ಮೂಗಿನಲ್ಲಿ ಸಿಂಬಳ, ಬಾಯಲ್ಲಿ ಹುಣ್ಣು, ಆಮೇಲೆ ಕಾಲು ಮಡಚಿ ಬೀಳುವುದು. ಇದು ಮಕ್ಕಳಿಂದ ಬಂದದ್ದಲ್ಲ, ಬರೀ ರೋಗ. ಸುತ್ತಲ ಊರಿನವರು ತಮ್ಮ ಮಂದೆಗಳನ್ನು ಗುಡ್ಡದಾಚೆಗೆ ಹೊಡೆದುಕೊಂಡು ಹೋದರು. ಸಂತೆಗೆ ಆಡು ಬರುವುದು ನಿಂತಿತು. ಮನೆಮನೆಯ ಗೂಟಗಳು ಖಾಲಿಯಾದವು.

ಜನ ಕೈಗೆ ಸಿಕ್ಕಿದ್ದನ್ನು ಕಟ್ಟಿದರು. ಕೋಳಿಗಳು ಬೆಳಗಾಗುವುದರೊಳಗೆ ಸತ್ತಿರುತ್ತಿದ್ದವು. ನಾಯಿಗಳು ಹಗ್ಗ ಕಡಿದುಕೊಂಡು ಓಡಿದವು. ಬೀದಿಯ ಕೊನೆಯ ಮನೆಯ ತಾತ ಮೊಮ್ಮಗನ ಪಕ್ಕ ಮಲಗಿದವನು, ಬೆಳಿಗ್ಗೆ ಎದ್ದು ಮೂಲೆ ಸೇರಿ, "ಅವ್ವಾ, ಇಸ್ಕೂಲಿಗೆ ಹೋಗಕಿಲ್ಲ" ಎಂದು ಬೊಚ್ಚುಬಾಯಿ ತೆರೆದು ಅಳುತ್ತಿದ್ದ. ಎದುರು ಮನೆಯಾತ ಮಗನನ್ನು ಕಂಬಕ್ಕೆ ಕಟ್ಟಿ ಹೊಡೆದ. "ಹೇಳೋ! ಏನಾಯ್ತೈತೆ ಹೇಳೋ! ನಿಮ್ಮವ್ವನ್ನ ಸಾಯಿಸ್ತೀಯೇನೋ?" ಹುಡುಗ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಹಟವಲ್ಲ ಅದು. ಹೇಳಲು ಅವನ ಬಳಿ ಮಾತೇ ಇರಲಿಲ್ಲ. ಹೊರಗೆ ಏಟು ಬಿದ್ದಷ್ಟೂ ಒಳಗೆ ಅವನ ತಾಯಿ ನರಳುತ್ತಿದ್ದಳು.

ನಮ್ಮ ಕೊನೆಯ ಆಡು ಸತ್ತ ಮಾರನೆಯ ಬೆಳಿಗ್ಗೆ ಸಿದ್ದು ಹಾಲು ಚೀಪಲಿಲ್ಲ. ಅಳಲೂ ಇಲ್ಲ. ಕತ್ತು ಹೊರಳಿಸಿ ಗೋಡೆಯ ಕಡೆ ನೋಡಿದ. ನಾನು ಅವನ ಮುಖವನ್ನು ನನ್ನ ಕಡೆ ತಿರುಗಿಸಿದೆ. ಮತ್ತೆ ಗೋಡೆಯ ಕಡೆಗೇ ಹೊರಳಿದ. ಪದುಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನಾಗ್ತಿದೆ ನಿಂಗೆ? ಪದುಮ, ಹೇಳು ತಾಯಿ."

"ಏನಿಲ್ಲ," ಎಂದಳು.

ಅವಳನ್ನು ಜಗಲಿಯಲ್ಲಿ ಮಲಗಿಸಿದೆವು, ಆಮೇಲೆ ಹಿತ್ತಿಲಲ್ಲಿ. ಗೋಡೆ ದಾಟಿಯೂ ಇಳಿಯುತ್ತಿತ್ತು, ನಮ್ಮಿಬ್ಬರನ್ನು ಬಿಟ್ಟು ಆ ಎಳೆಯ ಜೀವಕ್ಕೇ. ಸಿದ್ದುವಿನ ಕೈಕಾಲು ಕಡ್ಡಿಯಾದವು. ಒಂದು ಬೆಳಿಗ್ಗೆ ಯಜಮಾನರು ಪದುಮಳ ರಟ್ಟೆ ಹಿಡಿದು ಎಳೆದುಕೊಂಡು ಹೊರಟರು. ಊರ ಹಿರಿಯರು ಹಳೆಯ ಸುಣ್ಣದ ಗೋದಾಮು ತೆರೆದಿದ್ದರು. ಆಡಿಲ್ಲದ ಮನೆಗಳ ಮಕ್ಕಳನ್ನು ಅಲ್ಲಿ ಬಿಡುತ್ತಿದ್ದರು, ರೋಗ ಕಳೆಯುವ ತನಕ ಅಷ್ಟೇ ಅಂತ.

ಮಧ್ಯಾಹ್ನ ಬುತ್ತಿ ತೆಗೆದುಕೊಂಡು ನಾನು ಅಲ್ಲಿಗೆ ಹೋದೆ. ಮಕ್ಕಳು ಗೋಡೆಗೊರಗಿ, ಒಬ್ಬರಿಂದ ಒಬ್ಬರು ಎಷ್ಟು ದೂರ ಕೂರಬಹುದೋ ಅಷ್ಟು ದೂರ ಕೂತಿದ್ದರು. ಒಬ್ಬಳ ಭಯ ಪಕ್ಕದವನಿಗೆ ಇಳಿದು, ಅವನದರ ಜೊತೆ ಸೇರಿ ಅದರಾಚೆಯವಳಿಗೆ ಇಳಿಯುತ್ತಿತ್ತು. ಯಾರೂ ಅಳುತ್ತಿರಲಿಲ್ಲ. ಬಾಗಿಲ ಬಳಿ ಒಂದು ಸಣ್ಣ ಹುಡುಗಿ ಗೋಡೆಗೆ ಮುಖ ಒತ್ತಿಕೊಂಡು ನಿಂತಿದ್ದಳು. ಕರೆದರೆ ತಿರುಗಲಿಲ್ಲ. ಮುಟ್ಟಿದೆ, ಮೈ ತಣ್ಣಗಿತ್ತು. "ಬೆಳಿಗ್ಗಿಂದ ಹಂಗೇ ನಿಂತೈತೆ ಕಣಮ್ಮ ಅದು," ಎಂದ ಕಾವಲಿನವನು, ನನ್ನ ಮುಖ ನೋಡದೆ. ಆ ಮಗು ಸಂಜೆಯೊಳಗೆ ಹೋಯಿತೆಂದು ಆಮೇಲೆ ತಿಳಿಯಿತು. ನಾನು ಬುತ್ತಿಯನ್ನು ಅಲ್ಲೇ ಬಿಟ್ಟು ಪದುಮಳನ್ನು ಕರೆದುಕೊಂಡು ಹೊರಗೆ ಬಂದೆ.

ಮನೆಯಲ್ಲಿ ಸಿದ್ದುವನ್ನು ನೋಡಿಕೊಳ್ಳುತ್ತಿದ್ದ ಗೌರಕ್ಕ ನಮ್ಮನ್ನು ಕಂಡು ತಲೆ ಚಚ್ಚಿಕೊಂಡಳು. ಆಮೇಲೆ ಪದುಮಳನ್ನು ದೂರದ ಬೇವಿನ ಮರದ ಕೆಳಗೆ ಕೂರಲು ಹೇಳಿ, ನನ್ನ ಹತ್ತಿರ ಬಂದಳು.

"ನಮ್ಮಜ್ಜಿ ಒಂದು ಹೇಳೋಳು. ಆಡು ಕಟ್ಟೋದು ಆಮೇಲೆ ಬಂದಿದ್ದಂತೆ. ಮೊದ್ಲು ಮಗೂನ ಬೇರೆ ಉಸ್ರಿಲ್ಲದ ಕಡೀಕೆ ಕರ್ಕೊಂಡೋಗಿ, ದೊಡ್ಡೋರೇ ಮೈಮೇಲೆ ಹಾಕ್ಕೊಳೋರಂತೆ. ದೊಡ್ಡೋರಿಗೆ ಹೆಸ್ರು ಗೊತ್ತಿರ್ತದಲ್ಲ, ಹೇಳ್ಕೊಡೋರು. ಮಗು ಬಾಯಲ್ಲಿ ಬಂತು ಅಂದ್ರೆ, ಮುಂಚೆ ಯಾರಿಗೆ ಇಳ್ದಿತ್ತೋ ಅವರ ಮೈನೂ ಹಗುರಾಯ್ತದಂತೆ."

"ಮತ್ತೆ ಯಾಕೆ ಬಿಟ್ರು?"

"ಕಷ್ಟ ಕಣವ್ವ. ಆಡು ಸಲೀಸು."

ಸಿದ್ದುವನ್ನು ಅವಳ ಮಡಿಲಿಗೆ ಹಾಕಿದೆ. ಎದೆಹಾಲು ಹಿಂಡಿಕೊಟ್ಟು, ಬಟ್ಟೆಯ ಬತ್ತಿಯಿಂದ ಹನಿಹನಿಯಾಗಿ ಬಾಯಿಗೆ ಬಿಡು, ಸಾಲದಿದ್ದರೆ ಹಸುವಿನ ಹಾಲಿಗೆ ನೀರು ಬೆರೆಸು ಎಂದೆ. ಕಾಯಿಲೆಯ ಕೂಸನ್ನು ಬಿಟ್ಟು ಸವತಿಯ ಮಗಳ ಕೈ ಹಿಡಿದು ಹೊರಟವಳನ್ನು ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಯಜಮಾನರು ಹೋಗಬೇಡ ಅನ್ನಲಿಲ್ಲ. ಹೋಗು ಅನ್ನಲೂ ಇಲ್ಲ.

ಊರಾಚೆ ಕೈಬಿಟ್ಟ ಕಲ್ಲಿನ ಕ್ವಾರಿ ಇತ್ತು. ಹಸಿರಿಲ್ಲದ, ಹಕ್ಕಿ ಕೂರದ ಬಿಳಿ ಹಳ್ಳ. ಕೆಳಗೆ ಕಲ್ಲು ಒಡೆಯುವವರು ಬಿಟ್ಟುಹೋದ ತಗಡಿನ ಚಪ್ಪರ. ಅಲ್ಲಿ ಪದುಮಳನ್ನು ಎದುರಿಗೆ ಕೂರಿಸಿಕೊಂಡು ಎರಡೂ ಕೈ ಹಿಡಿದುಕೊಂಡೆ.

ಮೊದಲು ಕಿವಿಗೆ ಬಂತು. ಕಿವಿ ಬಿಸಿಯಾಯಿತು, ಕೆನ್ನೆ ಬಿಸಿಯಾಯಿತು, ತಲೆ ತಗ್ಗಿಸಬೇಕು ಅನಿಸಿತು. ಸುತ್ತ ಯಾರೂ ಇಲ್ಲದಿದ್ದರೂ ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದಾರೆ ಅನಿಸಿತು. ನನಗೆ ಅದು ಹೊಸದಲ್ಲ. ಗೊತ್ತಿದ್ದ ನೆಂಟರ ಹಾಗೆ ಗುರುತು ಸಿಕ್ಕಿತು.

"ಕಿವಿ ಬಿಸಿ ಆಗ್ತಿದ್ಯಾ ನಿಂಗೆ?"

ಅವಳು ಬೆಚ್ಚಿದಳು. "ನಿಮಗ್ ಹೆಂಗ್ ಗೊತ್ತು?"

"ನಂಗೂ ಆಗ್ತಿದೆ. ಇದು ಏನಿಲ್ಲ ಅಲ್ಲ ಮಗ. ಇದಕ್ಕೆ ಅವಮಾನ ಅಂತಾರೆ. ಯಾವಾಗ ಆಯ್ತು ಇದು?"

ಅವಳು ಒಂದು ಕೈ ಬಿಡಿಸಿಕೊಂಡು ಕಿವಿ ಮುಟ್ಟಿ ನೋಡಿಕೊಂಡಳು. "ಅಪ್ಪ ಬೀದೀಲಿ ಎಳ್ಕೊಂಡೋದಾಗ. ಎಲ್ರೂ ನೋಡ್ತಿದ್ರು."

"ಹಂಗೇ ಹೇಳು. ನಂಗೆ ಅವಮಾನ ಆಯ್ತು ಅನ್ನು."

"ನಂಗೆ ಅವಮಾನ ಆಯ್ತು," ಎಂದಳು, ಪಾಠ ಒಪ್ಪಿಸುವ ಹಾಗೆ. ಮತ್ತೆ ಒಮ್ಮೆ, ಈ ಸಲ ತನಗೇ ಹೇಳಿಕೊಳ್ಳುವ ಹಾಗೆ. ನನ್ನ ಕಿವಿ ತಣ್ಣಗಾಯಿತು. ಅವಳದು ಕೆಂಪಾಯಿತು.

ಎರಡು ದಿನ ಅಲ್ಲೇ ಇದ್ದೆವು. ಹಸಿವಾದಾಗ ರೊಟ್ಟಿ ತಿಂದೆವು, ಉಳಿದ ಹೊತ್ತೆಲ್ಲ ಇದೇ. ಒಂದೊಂದು ಗುರುತು ಸಿಗುವುದೂ ಸುಲಭವಿರಲಿಲ್ಲ. ಒಂದು ಸಲ ದವಡೆ ಬಿಗಿದು, ಎದುರಿಗಿದ್ದುದನ್ನೆಲ್ಲ ಒಡೆಯಬೇಕು ಅನಿಸಿದಾಗ ನಾನು ಸಿಟ್ಟು ಎಂದೆ. ಅವಳು ಸಿಟ್ಟು ಎಂದಳು. ಏನೂ ಬದಲಾಗಲಿಲ್ಲ. ಇಬ್ಬರೂ ಹುಡುಕಿದೆವು. ಸಿಟ್ಟಿನ ಕೆಳಗೆ ಮಂಡಿ ನಡುಗುತ್ತಿತ್ತು. "ಇದು ಹೆದ್ರಿಕೆ," ಎಂದು ಪದುಮಳೇ ಹೇಳಿದಳು. "ನನ್ನ ಗೋದಾಮಿಗೇ ಬಿಟ್ಬಿಡ್ತೀರೇನೋ ಅಂತ." ಇನ್ನೊಂದು ಸಲ ಹೊಟ್ಟೆಯೊಳಗೆ ಕೆಂಡ ಸುರಿದ ಹಾಗಾಯಿತು. ಅದರ ಹೆಸರು ಅದರ ಜಾಗದಲ್ಲೇ ಇದೆ, ಹೇಳಿಕೊಟ್ಟೆ. "ನಾನು ಸಿದ್ದುಗೆ ಹಾಲು ಕೊಡೋವಾಗ ಆಗೋದಾ ಇದು?" ಎಂದು ಕೇಳಿದೆ. ಅವಳು ತಲೆಯಾಡಿಸಿದಳು. "ಹೊಟ್ಟೆಕಿಚ್ಚಾಯ್ತದೆ ನಂಗೆ. ಅವನು ಇರೋದೇ ಬೇಡ ಅನ್ನಿಸ್ತದೆ," ಎಂದಳು. ನನ್ನ ಕೈ ತಾನಾಗಿಯೇ ಸಡಿಲವಾಯಿತು. ಮತ್ತೆ ಬಿಗಿಯಾಗಿ ಹಿಡಿದುಕೊಂಡೆ.

ಎರಡನೆಯ ದಿನ ಮಧ್ಯಾಹ್ನ ಎದೆಯ ಮೇಲೆ ಕಲ್ಲು ಬಂದು ಕೂತಿತು. ಉಸಿರು ಎಳೆದರೆ ಅರ್ಧಕ್ಕೆ ನಿಲ್ಲುತ್ತಿತ್ತು. ದುಃಖ ಎಂದೆ. ಕೊರಗು ಎಂದೆ. ಒಂಟಿಯಾಗಿದೀಯಾ ಎಂದೆ. ಯಾವುದೂ ತಾಗಲಿಲ್ಲ. ಮೈ ತಣ್ಣಗಾಗತೊಡಗಿತು. ಯಾರೂ ನನ್ನ ಮುಖ ನೋಡಬಾರದು, ನಾನು ಯಾರನ್ನೂ ನೋಡಬಾರದು ಅನಿಸಿತು. ನನಗೆ ತಿಳಿಯದೆಯೇ ಕ್ವಾರಿಯ ಕಲ್ಲುಗೋಡೆಯ ಕಡೆ ಹೊರಳಿ ಹಣೆ ಒತ್ತಿದೆ. ಅಲ್ಲಿ ಬಹಳ ಹಾಯೆನಿಸಿತು.

"ತಿರುಗ್ಬೇಡ! ಆ ಕಡೆ ತಿರುಗ್ಬೇಡ!" ಪದುಮ ನನ್ನ ಸೆರಗು ಹಿಡಿದು ಎಳೆಯುತ್ತಿದ್ದಳು. ಅವಳು ಕಿರುಚಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಅಮ್ಮನೂ ಹಿಂಗೇ ತಿರುಗಿದ್ಲು!"

ಆಮೇಲೆ ಬಂತು, ನಿಲ್ಲದ ಹಾಗೆ. "ಅವತ್ತು ಆಡು ಸತ್ತೋಗಿತ್ತು. ಅಪ್ಪ ಇನ್ನೊಂದು ತರಾಕೆ ಹೋದೋರು ಬರ್ಲಿಲ್ಲ. ಅಮ್ಮ ನನ್ ಪಕ್ಕ ಮಲಿಕ್ಕೊಂಡ್ಲು. ಜಡೆ ಹಾಕೋವಾಗ ಎಳ್ದಿದ್ಲು, ನೋವಾಗಿತ್ತು. ನಂಗೆ ಸಿಟ್ಟು ಬಂದಿತ್ತು. ಸಿಟ್ಟು ಅಂತ ಗೊತ್ತಿರ್ಲಿಲ್ಲ. ಸತ್ತೋಗ್ಲಿ ಅನ್ಸಿತ್ತು. ಬೆಳಿಗ್ಗೆ ನೋಡಿದ್ರೆ ಗೋಡೆ ಕಡೆ ತಿರುಗಿದ್ಲು. ನಾನೇ ಸಾಯಿಸಿದ್ದು. ಎಲ್ರಿಗೂ ಗೊತ್ತು. ಯಾರೂ ಹೇಳಲ್ಲ."

ಅದಕ್ಕೆ ಪುಸ್ತಕದಲ್ಲಿ ಏನೋ ದೊಡ್ಡ ಹೆಸರಿರಬಹುದು. ನನಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವಳು ಹೇಳಿಯಾಗಿತ್ತು. ಛೇ, ನೀನಲ್ಲ ಎನ್ನಲು ಬಾಯಿ ತೆರೆದೆ. ಆದರೆ ಆ ಕ್ಷಣ ಅವಳಿಗೆ ಸುಳ್ಳು ಹೇಳಿದರೆ ಇನ್ನೆಂದೂ ಅವಳು ಬಾಯಿ ತೆರೆಯುವುದಿಲ್ಲ ಅನಿಸಿತು.

"ನಿನ್ನಿಂದ ಇಳ್ದಿದ್ದೇ ಇರಬಹುದು ಪದುಮ. ಆದ್ರೆ ಜಡೆ ಎಳೆದ್ರೆ ಯಾವ ಮಗುಗೆ ಸಿಟ್ಟು ಬರಲ್ಲ ಹೇಳು? ನಾನು ನಮ್ಮಮ್ಮನ್ನ ಎಷ್ಟು ಸಲ ಸಾಯಿ ಅಂತ ಬೈದಿದೀನಿ, ಬಾಯ್ಬಿಟ್ಟು. ಬೆನ್ನಿಗೆ ಗುದ್ದಿ ಊಟ ಹಾಕೋಳು. ನಿಂಗೆ ಬೈಯೋಕೂ ಯಾರೂ ಕಲಿಸ್ಲಿಲ್ಲ. ಆಡು ತಂದು ಕಟ್ಟಿದ್ರು." ಆಮೇಲೆ ಕೇಳಿದೆ, "ಮನೇಲಿ ಆಡಿಲ್ಲ ಅಂತ ನಿಮ್ಮಮ್ಮನಿಗೆ ಗೊತ್ತಿತ್ತಾ?"

"ಹೂಂ."

"ಗೊತ್ತಿದ್ದೂ ನಿನ್ ಪಕ್ಕದಲ್ಲೇ ಮಲಗಿದ್ಲು."

ಪದುಮ ಅತ್ತಳು. ಅಳುವುದು ಗೊತ್ತಿಲ್ಲದವಳ ಅಳು, ಗಂಟಲು ಕಿತ್ತುಬರುವ ಹಾಗೆ, ವಾಂತಿಯ ಹಾಗೆ. ನನ್ನ ಎದೆಯ ಮೇಲಿಂದ ಕಲ್ಲು ಎದ್ದು ಹೋಯಿತು. ಇನ್ನು ಸಿದ್ದು ಹಾಲು ಕುಡಿಯುತ್ತಾನೆ ಎಂದು ನನಗೆ ಖಾತರಿಯಾಯಿತು. ನನ್ನ ಎದೆ ತೊಟ್ಟಿಕ್ಕಿ ರವಿಕೆ ಒದ್ದೆಯಾಗಿತ್ತು.

ಬಿಸಿಲು ಇಳಿಯುವಾಗ ಯಜಮಾನರು ಕ್ವಾರಿಯ ದಾರಿಯಲ್ಲಿ ಇಳಿದು ಬರುತ್ತಿರುವುದು ಕಾಣಿಸಿತು. ಹೆಗಲ ವಲ್ಲಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅವರು ಹತ್ತಿರ ಬರುವವರೆಗೂ ನಾನು ಏಳಲಿಲ್ಲ.

ಮಧ್ಯಾಹ್ನ ಸಿದ್ದು ಗೋಡೆಯಿಂದ ಮುಖ ತಿರುಗಿಸಿದನಂತೆ. "ಕಣ್ಬಿಟ್ಟು ನನ್ ಮುಖ ನೋಡ್ತು ಕಣವ್ವ, ನಕ್ತು. ಎರಡು ಗುಟುಕು ಕುಡೀತು," ಎಂದಳು ಗೌರಕ್ಕ. "ಅಷ್ಟೊತ್ತಿಗೆ ಮೈಯಲ್ಲಿ ಏನೂ ಉಳ್ದಿರ್ಲಿಲ್ಲ." ಅವಳ ಅಜ್ಜಿ ಹೇಳಿದ್ದು ನಿಜವಾಗಿತ್ತು. ಅವನು ಹಗುರಾಗಿಯೇ ಹೋದ. ಅವನನ್ನು ಎತ್ತಿಕೊಂಡಾಗ ತೋಳಿಗೆ ಏನೂ ತಿಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನಾನು ಪದುಮಳ ಮುಖ ನೋಡಲಿಲ್ಲ. ಅಡುಗೆ ಮಾಡಿಟ್ಟು ಒಳಕೋಣೆ ಸೇರುತ್ತಿದ್ದೆ. ಹಲವು ದಿನ ಹೀಗೇ ಹೋಯಿತು. ಒಂದು ಮಧ್ಯಾಹ್ನ ಅವಳೇ ಬಾಗಿಲಿಗೆ ಬಂದು ನಿಂತಳು.

"ನನ್ ಮೇಲೆ ಸಿಟ್ಟಾ?"

ಏನಿಲ್ಲ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಹೌದು. ನೀನು ಕೊಲ್ಲಲಿಲ್ಲ ಅಂತ ಗೊತ್ತು. ಆದ್ರೂ ನಿನ್ನ ಕಂಡ್ರೆ ಸಿಟ್ಟು ಬರ್ತದೆ. ಯಾವಾಗ ಹೋಗ್ತದೋ, ಹೋಗ್ತದೋ ಇಲ್ವೋ, ನಂಗೇ ಗೊತ್ತಿಲ್ಲ. ಆದ್ರೆ ನಿನ್ನ ಎಲ್ಲಿಗೂ ಕಳ್ಸಲ್ಲ."

ಅವಳು ಕಂಬ ಹಿಡಿದು ನಿಂತೇ ಇದ್ದಳು. "ನಂಗೂ ನಿನ್ ಮೇಲೆ ಸಿಟ್ಟೈತೆ," ಎಂದಳು. "ಅವನ್ನ ಬಿಟ್ಟು ನನ್ ಜೊತೆ ಯಾಕ್ ಬಂದೆ?"

ಗೊತ್ತಿಲ್ಲ ಎಂದೆ. ಇಬ್ಬರೂ ಅತ್ತೆವು, ಬೇರೆ ಬೇರೆ ಮೂಲೆಯಲ್ಲಿ.

ಹೊಸ ಹುಲ್ಲು ಚಿಗುರಿದಾಗ ಗುಡ್ಡದಾಚೆಯಿಂದ ಆಡುಗಳು ಬಂದವು. ಗೋದಾಮಿಗೆ ಬೀಗ ಬಿತ್ತು. ಅಲ್ಲಿ ಸತ್ತ ಮಕ್ಕಳ ಮಾತನ್ನು ಯಾರೂ ಎತ್ತಲಿಲ್ಲ. ನಾನು ಮನೆಮನೆಗೆ ಹೋಗಿ ಕ್ವಾರಿಯಲ್ಲಿ ಮಾಡಿದ್ದನ್ನು ಹೇಳಿದೆ. ಮಜ್ಜಿಗೆ ಕೊಟ್ಟು ಕೂರಿಸಿ ಕೇಳಿದರು. "ಆದ್ರೂ ನಿಮ್ ಸಿದ್ದು ಉಳೀಲಿಲ್ವಲ್ಲವ್ವ," ಎಂದರು. ಎದುರು ಮನೆಯ ಕಂಬಕ್ಕೆ ಈಗ ಒಂದು ಬಿಳಿ ಆಡು ಕಟ್ಟಿದೆ. ಆ ಹುಡುಗ ಅದಕ್ಕೆ ಸೊಪ್ಪು ತಿನ್ನಿಸುತ್ತಾನೆ. ಬಹಳ ಒಳ್ಳೆಯ ಹುಡುಗ.

ನಮ್ಮ ಯಜಮಾನರೂ ಒಂದು ಕಂದು ಆಡು ಹಿಡಿದುಕೊಂಡು ಬಂದರು. ನಾನು ಬಾಗಿಲಿಗೆ ಅಡ್ಡ ನಿಂತು, ವಾಪಸ್ ಕೊಟ್ಟು ಬನ್ನಿ ಎಂದೆ.

"ಅವ್ಳು ಇನ್ನೂ ದೊಡ್ಡೋಳಾಗಿಲ್ಲ. ನಿಂಗೇನಾದ್ರೂ ಆದ್ರೆ?" ಅವರು ಪದುಮಳ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. "ಹೆದ್ರಿಕೆ ಆಯ್ತೈತೆ ನಂಗೆ," ಎಂದರು. ಆ ಮಾತನ್ನು ಅವರು ತಮ್ಮ ಜೀವಮಾನದಲ್ಲಿ ಹೇಳಿದ್ದು ಅದೇ ಮೊದಲಿರಬೇಕು. ಆಡಿನ ಹಗ್ಗ ಹಿಡಿದು, ಬಂದ ದಾರಿಯಲ್ಲೇ ವಾಪಸ್ ಹೋದರು.

ಆ ಬೀದಿಯಲ್ಲಿ ಗಲಾಟೆಯಿರುವುದು ನಮ್ಮ ಮನೆಯಲ್ಲಿ ಮಾತ್ರ. ನಿಮ್ಮ ಹುಡುಗಿಗೆ ಬುದ್ಧಿ ಹೇಳಿ ಎಂದು ಜನ ಬಂದು ಹೇಳಿ ಹೋಗುತ್ತಾರೆ. ನಿನ್ನೆ ಶಾಲೆಯಿಂದ ಬಂದವಳು ಚೀಲ ಬಿಸಾಡಿದಳು. ಯಾರೋ ಅವಳನ್ನು ತಮ್ಮನನ್ನು ತಿಂದವಳು ಅಂದಿದ್ದರಂತೆ. ಅದನ್ನು ಹೇಳುತ್ತಾ ಹೇಳುತ್ತಾ ನನ್ನ ಮೇಲೆ ತಿರುಗಿದಳು. ನಿನ್ನ ಕಂಡರೆ ಆಗುವುದಿಲ್ಲ ಎಂದಳು, ನೀನು ಈ ಮನೆಗೆ ಬರಲೇಬಾರದಿತ್ತು ಎಂದಳು, ಸಿದ್ದು ಬದಲು ನೀನು ಹೋಗಬೇಕಿತ್ತು ಎಂದು ಗಂಟಲು ಹರಿಯುವಂತೆ ಕಿರುಚಿದಳು. ಎದುರು ಮನೆಯವರು ದಡಾರನೆ ಕಿಟಕಿ ಹಾಕಿಕೊಂಡರು. ನನ್ನ ಮೈ ನಡುಗುತ್ತಿತ್ತು. ಅದು ಅವಳಿಂದ ಇಳಿದದ್ದಲ್ಲ, ನನ್ನದೇ. ಒಲೆಯ ಮೇಲಿದ್ದ ಅನ್ನ ಇಳಿಸಿಟ್ಟು, ಕೈ ಒರೆಸಿಕೊಂಡು, ಹೋಗಿ ಅವಳೆದುರು ಕೂತೆ.

"ಆಮೇಲೆ?" ಎಂದೆ. "ಇನ್ನೂ ಇದೆ. ಹೇಳು."